ಡಾಕ್ಟರರಲ್ಲಿ ಕೇಳಿ: ಯೂರಿಕ್ ಆಸಿಡ್ ಜಾಸ್ತಿ ಇದ್ದರೆ ಹಾರ್ಟಿಗೆ ತೊಂದರೆಯಾ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಪೆರ್ಲದ ಹತ್ತಿರ ಸ್ವಲ್ಪ ಅಡಿಕೆ ತೋಟ ಉಂಟು. ಹೋದ ತಿಂಗಳು ನಮ್ಮೂರ ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಯೂರಿಕ್ ಆಸಿಡ್ 8.4 ಬಂತು. ಬಿಪಿ 156/98 ಇತ್ತು. ಗಂಟುನೋವು ಇದುವರೆಗೆ ಬಂದಿಲ್ಲ. ಮಂಗಳೂರಿನಲ್ಲಿರುವ ಅಳಿಯ "ಮಾವ, ಇದು ಸೀದಾ ಹಾರ್ಟಿಗೇ ಹೋಗುವುದು" ಎಂದು ಹೆದರಿಸಿದ. ಅಂದಿನಿಂದ ಬೂತಾಯಿ, ಬಂಗುಡೆ, ತೊಗರಿಬೇಳೆ, ಹುರುಳಿ, ಟೊಮೆಟೊ, ಹರಿವೆ ಎಲ್ಲ ಬಿಟ್ಟಿದ್ದೇನೆ. ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ, ಹಪ್ಪಳ. ಯೂರಿಕ್ ಆಸಿಡ್ ಇಳಿಸುವ ಮಾತ್ರೆಯನ್ನೂ ಅಳಿಯನೇ ತಂದು ಕೊಟ್ಟಿದ್ದಾನೆ, ಇನ್ನೂ ಶುರು ಮಾಡಿಲ್ಲ. ಬಿಪಿ ಮಾತ್ರೆ ಉಂಟು, ನೆನಪಾದಾಗ ತೆಗೆದುಕೊಳ್ಳುತ್ತೇನೆ. ಯೂರಿಕ್ ಆಸಿಡ್‌ನಿಂದ ಹಾರ್ಟ್ ಅಟ್ಯಾಕ್ ಆಗುವುದು ನಿಜವಾ?
— ಹೆಸರು ಬೇಡ, ಪೆರ್ಲ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಒಂದೇ ಮಾತು. ಬಿಪಿ ಮಾತ್ರೆ "ನೆನಪಾದಾಗ" ತೆಗೆದುಕೊಳ್ಳುತ್ತೇನೆ ಎಂದಿರಲ್ಲ, ಅದು. 8.4ರ ವಿಷಯಕ್ಕೆ ಆಮೇಲೆ ಬರುತ್ತೇನೆ. ಇವತ್ತು ರಾತ್ರಿಯಿಂದಲೇ ಆ ಮಾತ್ರೆಯ ಡಬ್ಬಿಯನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಡಿ. ಬೆಳಿಗ್ಗೆ ಮರೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ನಮ್ಮ ಜೀವಕೋಶಗಳಲ್ಲಿ, ತಿನ್ನುವ ಆಹಾರದಲ್ಲಿ ಪ್ಯೂರಿನ್ ಎಂಬ ವಸ್ತು ಇರುತ್ತದೆ. ಅದು ಒಡೆದು ಕೊನೆಗೆ ಉಳಿಯುವುದೇ ಯೂರಿಕ್ ಆಸಿಡ್. ದನ, ನಾಯಿ ಮುಂತಾದ ಹೆಚ್ಚಿನ ಪ್ರಾಣಿಗಳಲ್ಲಿ ಇದನ್ನು ಇನ್ನೂ ಕರಗಿಸುವ ಒಂದು ಕಿಣ್ವ ಉಂಟು. ನಮಗೆ ಅದಿಲ್ಲ. ಹಾಗಾಗಿ ಮೂರರಲ್ಲಿ ಎರಡು ಪಾಲನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಉಳಿದದ್ದು ಕರುಳಿನ ದಾರಿ ಹಿಡಿಯುತ್ತದೆ. ಜಾಸ್ತಿ ಜನರಲ್ಲಿ ಲೆಕ್ಕ ಏರುವುದು ಕಿಡ್ನಿ ಸರಿಯಾಗಿ ಹೊರಗೆ ಹಾಕದೇ ಇರುವುದರಿಂದ. ತಿಂದ ಮೀನಿನ ಪಾಲು ಅದರಲ್ಲಿ ಸಣ್ಣದು.

ಕಿಡ್ನಿ ಯಾಕೆ ಹೊರಗೆ ಹಾಕುವುದಿಲ್ಲ? ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರಲ್ಲಿ ಇನ್ಸುಲಿನ್ ಜಾಸ್ತಿ ಇರುತ್ತದೆ. ಅದು ಕಿಡ್ನಿಗೆ "ಹಿಡಿದಿಟ್ಟುಕೋ" ಎನ್ನುತ್ತದೆ. ಬಿಪಿ ಏರಿದಾಗಲೂ ಹಾಗೆಯೇ. ಕಿಡ್ನಿಯೇ ಸೋತಿದ್ದರೆ ಕೇಳುವುದೇ ಬೇಡ. ಈಗ ನೋಡಿ: ಹೊಟ್ಟೆ, ಸಕ್ಕರೆ, ಬಿಪಿ, ಸೋತ ಕಿಡ್ನಿ, ಈ ನಾಲ್ಕೂ ಹೃದಯದ ರಕ್ತನಾಳವನ್ನು ಕೆಡಿಸುವವೇ ಅಲ್ವಾ? ಅದಕ್ಕೇ ಹೃದಯದ ಕಾಯಿಲೆ ಇರುವವರ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ ಕೂಡ ಏರಿರುವುದನ್ನು ವೈದ್ಯರು ನೂರು ವರ್ಷಕ್ಕೂ ಹಿಂದಿನಿಂದ ನೋಡುತ್ತಾ ಬಂದಿದ್ದಾರೆ.

ಜೊತೆಗೆ ಇರುವುದು ಬೇರೆ, ಕೆಡಿಸುವುದು ಬೇರೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಜನರ ಹೃದಯದ ಲೆಕ್ಕ ಇಡುತ್ತಿದ್ದಾರೆ. ಅಲ್ಲಿಯ 6,763 ಮಂದಿಯ ವಿವರ 1999ರಲ್ಲಿ ಹೊರಬಂತು. ಬಿಪಿ ಮತ್ತು ಅದರ ಮಾತ್ರೆಗಳಂತಹ ಸಂಗತಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಯೂರಿಕ್ ಆಸಿಡ್‌ನ ತಪ್ಪು ಅಂತ ಏನೂ ಉಳಿಯಲಿಲ್ಲ. ಮರುವರ್ಷವೇ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ "ಇಲ್ಲ, ಅದರದ್ದೂ ಪಾಲು ಉಂಟು" ಎಂದಿತು. ಈ ಜಗ್ಗಾಟ ಬಹಳ ವರ್ಷ ನಡೆಯಿತು. ಕೊನೆಗೆ ಬ್ರಿಟನ್ನಿನಲ್ಲಿ ನೇರವಾಗಿ ಪರೀಕ್ಷೆಗೇ ಇಳಿದರು. ಹೃದಯದ ಕಾಯಿಲೆ ಇದ್ದು ಗೌಟ್ (ಯೂರಿಕ್ ಆಸಿಡ್ ಹರಳುಗಟ್ಟಿ ಬರುವ ಗಂಟುನೋವು) ಇಲ್ಲದ, 60 ದಾಟಿದ 5,700ಕ್ಕೂ ಹೆಚ್ಚು ಜನ. ಅರ್ಧ ಜನರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಹತ್ತಿರ ಹತ್ತಿರ ಐದು ವರ್ಷ ಕಾದು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಹೃದಯ ಸಂಬಂಧಿ ಸಾವು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 11. ಮಾತ್ರೆ ತಿಂದವರಿಗೆ ಹೃದಯದ ಲಾಭ ಸಿಗಲಿಲ್ಲ.

ಹಾಗಾಗಿ ಅಳಿಯ ತಂದ ಮಾತ್ರೆಯನ್ನು ಶುರು ಮಾಡಬೇಡಿ. ಗಂಟುನೋವು, ಕಿಡ್ನಿ ಕಲ್ಲು ಇಲ್ಲದವರಿಗೆ ಬರೀ ರಿಪೋರ್ಟ್ ನೋಡಿ ಈ ಔಷಧ ಕೊಡುವ ಕ್ರಮ ಸಾಮಾನ್ಯವಾಗಿ ಇಲ್ಲ. ಅಲೋಪ್ಯೂರಿನಾಲ್ ಕೆಲವೇ ಕೆಲವರಿಗೆ ಮೈತುಂಬ ಚರ್ಮ ಸುಲಿಯುವಂತಹ ಅಲರ್ಜಿ ತರುತ್ತದೆ. ಅದು ಪ್ರಾಣಕ್ಕೂ ಬರಬಹುದು. ಇನ್ನೊಂದು ಔಷಧ ಫೆಬುಕ್ಸೊಸ್ಟಾಟ್. ಹೃದಯದ ಕಾಯಿಲೆ ಇರುವವರಲ್ಲಿ ಅದನ್ನು ನೋಡಿಕೊಂಡು ಕೊಡಬೇಕು ಎಂದು ಅಮೆರಿಕದ ಔಷಧ ನಿಯಂತ್ರಕರು 2019ರಲ್ಲಿ ಎಚ್ಚರಿಕೆ ಹಾಕಿದರು. ಆಮೇಲೆ ಬಂದ ಯುರೋಪಿನ ಅಧ್ಯಯನದಲ್ಲಿ ಅಂಥ ಅಪಾಯ ಕಾಣಲಿಲ್ಲ. ಏನೇ ಇರಲಿ, ಅಳಿಯನ ಪ್ರೀತಿ ದೊಡ್ಡದು, ಆದರೆ ಇವು ಅಂಗಡಿಯಿಂದ ಕೇಳಿ ತರುವ ಮಾತ್ರೆಗಳಲ್ಲ.

ಗೌಟ್ ಬಂದವರ ಕಥೆ ಮಾತ್ರ ಬೇರೆ. ಇದನ್ನು ನಾನು ನಮ್ಮ ಮನೆಯಲ್ಲೇ ಕಂಡವಳು. ಅಪ್ಪ ಕನ್ನಡ ಶಾಲೆಯ ಮೇಷ್ಟ್ರು. ಒಂದು ಬೇಸಿಗೆಯ ರಾತ್ರಿ ಎರಡು ಗಂಟೆಗೆ ಚಾವಡಿಯಲ್ಲಿ ಸದ್ದಾಯಿತೆಂದು ಎದ್ದು ಬಂದೆ. ಅಪ್ಪ ಬೆಂಚಿನ ಮೇಲೆ ಕೂತು ಬಲಗಾಲನ್ನು ತಣ್ಣೀರಿನ ಬಾಲ್ದಿಗೆ ಇಳಿಬಿಟ್ಟಿದ್ದರು. ಹೆಬ್ಬೆರಳ ಬುಡ ಪುನರ್ಪುಳಿ ಹಣ್ಣಿನ ಹಾಗೆ ಕೆಂಪಗೆ ಬಿಗಿದು ಹೊಳೆಯುತ್ತಿತ್ತು. ಬೈರಾಸಿನ ಅಂಚು ತಾಗಿದರೂ ಹಲ್ಲು ಕಚ್ಚುತ್ತಿದ್ದರು. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ದಾಟಿದರೆ ಕರಗಿ ಉಳಿಯಲಾರದು. ಪಾಕ ಆರಿದಾಗ ಸಕ್ಕರೆ ಹರಳುಗಟ್ಟುವಂತೆ, ಮೈಯಲ್ಲಿ ತಂಪಾಗಿರುವ ಕಾಲ್ಬೆರಳಿನ ಗಂಟಿನಲ್ಲಿ ಸೂಜಿಯಂಥ ಹರಳು ಕೂರುತ್ತದೆ. ಹಾಗೆಂದು 6.8 ದಾಟಿದ ಎಲ್ಲರಿಗೂ ಗೌಟ್ ಬರುವುದಿಲ್ಲ. ಹೆಚ್ಚಿನವರಿಗೆ ಜೀವಮಾನದಲ್ಲಿ ಬರುವುದೇ ಇಲ್ಲ.

ಅಪ್ಪನಿಗೆ ಐದು ವರ್ಷದಲ್ಲಿ ಏಳೆಂಟು ಸಲ ಬಂತು. ಪ್ರತಿ ಸಲ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋಗುವುದು, ನೋವಿಗೆ ಇಂಜೆಕ್ಷನ್, ವಾಪಸ್. ಎಲ್ಲರೂ ಬೆರಳು ನೋಡಿದರು. ಯಾರೂ ತೋಳಿಗೆ ಬಿಪಿಯ ಪಟ್ಟಿ ಸುತ್ತಲಿಲ್ಲ. ಕೊನೆಯ ಸಲ ನೋವು ಇಳಿದು ಮೂರು ವಾರಕ್ಕೆ ಎದೆ ಒತ್ತಿದ ಹಾಗೆ ಆಯಿತು. ಕಾರಿನಲ್ಲಿ ಮಂಗಳೂರಿಗೆ ಓಡಿದೆವು. ಉಳಿದರು. ಅಲ್ಲಿ ಬಿಪಿ ನೋಡಿದರೆ 190! ಬ್ರಿಟನ್ನಿನ ಗೌಟ್ ರೋಗಿಗಳ ಅಧ್ಯಯನವೊಂದು 2022ರಲ್ಲಿ ಬಂದಾಗ ನನಗೆ ಆ ಮೂರು ವಾರ ನೆನಪಾಯಿತು. ಗೌಟ್ ಕೆರಳಿದ ಮೇಲಿನ ಎರಡು ತಿಂಗಳು ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನ ಸಂಭವ ಹತ್ತಿರ ಹತ್ತಿರ ಎರಡು ಪಟ್ಟು ಎಂದು ಅದು ಹೇಳಿತು. ಮೈಯಲ್ಲಿ ಎದ್ದ ಉರಿಯೂತ ಬೆರಳಿನಲ್ಲೇ ನಿಲ್ಲುವುದಿಲ್ಲ. ಹಾಗಾಗಿ ಗೌಟ್ ಆದವರು ನೋವು ಹೋಯಿತೆಂದು ಸುಮ್ನೆ ಕೂರಬಾರದು. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಅಷ್ಟನ್ನೂ ಕೂಡಲೇ ನೋಡಿಸಬೇಕು.

ನಿಮ್ಮ ಊಟಕ್ಕೆ ಬರೋಣ. ಬೇಳೆ, ಹುರುಳಿ, ಹರಿವೆ ಬಿಟ್ಟದ್ದು ಬೇಡದ ಕೆಲಸ. ಸೊಪ್ಪು, ಬೇಳೆಯ ಪ್ಯೂರಿನ್‌ನಿಂದ ಗೌಟ್ ಜಾಸ್ತಿಯಾಗುವುದಿಲ್ಲ. ಅವುಗಳ ಜಾಗಕ್ಕೆ ಬಂದದ್ದೇನು? ಉಪ್ಪಿನಕಾಯಿ, ಹಪ್ಪಳ. 156 ಬಿಪಿಯವರಿಗೆ ಅದು ವಿಷ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅಷ್ಟೇ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಜಿಗೆ ಉಪ್ಪು, ಜೊತೆಗೆ ಮಿಡಿ, ಮೇಲೆ ಹಪ್ಪಳ ಎಂದರೆ ಆ ಚಮಚ ಬೇಗ ದಾಟಿ ಹೋಗುತ್ತದೆ. ಗಂಜಿ ಬಿಡಬೇಡಿ. ಅದರೊಟ್ಟಿಗೆ ಹುರುಳಿ ಪಲ್ಯ, ಹರಿವೆ, ಒಂದು ಲೋಟ ನೀರು ಮಜ್ಜಿಗೆ ಇರಲಿ. ಹಾಲು, ಮೊಸರು ಯೂರಿಕ್ ಆಸಿಡ್‌ಗೆ ಒಳ್ಳೆಯವು. ಬೂತಾಯಿಯಲ್ಲಿ ಪ್ಯೂರಿನ್ ಜಾಸ್ತಿ ಇರುವುದು ನಿಜ. ಆದರೆ ಹೃದಯಕ್ಕೆ ಒಳ್ಳೆಯ ಕೊಬ್ಬೂ ಅದರಲ್ಲೇ ಉಂಟು. ಗೌಟ್ ಇಲ್ಲದ ನೀವು ವಾರಕ್ಕೆ ಎರಡು ಸಲ ಸಾರು ಮಾಡಿ ತಿನ್ನಿ. ಒಣಮೀನು ಬೇಡ, ಅದು ಉಪ್ಪಿನ ಮೂಟೆ. ಬಾಟಲಿಯ ಸಿಹಿ ಪಾನೀಯ, ಬಿಯರ್, ಕಳ್ಳು ಬಿಟ್ಟುಬಿಡಿ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದು ಒಡೆಯುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಮದ್ಯ ಅದನ್ನು ಹೊರಗೆ ಹೋಗಲು ಬಿಡುವುದಿಲ್ಲ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ್ದರೆ ನಿಧಾನಕ್ಕೆ ಇಳಿಸಿ. ಉಪವಾಸ ಬಿದ್ದು ಇಳಿಸಿದರೆ ಯೂರಿಕ್ ಆಸಿಡ್ ಇನ್ನೂ ಏರುತ್ತದೆ.

ಹತ್ತಿರದ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ ನೋಡಿಸಿ. ತೋಟದಿಂದ ಹತ್ತಿ ಬಂದ ಕೂಡಲೇ ಬೇಡ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ ಕೂತು, ಆಮೇಲೆ ಎರಡು ಸಲ. ಹೋಗುವಾಗ ಈಗಿನ ಬಿಪಿ ಮಾತ್ರೆಯ ಪಟ್ಟಿ ಕೊಂಡುಹೋಗಿ. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇದ್ದರೆ ಅದೇ ಯೂರಿಕ್ ಆಸಿಡ್ ಏರಿಸುತ್ತಿರಬಹುದು. ಲೋಸಾರ್ಟಾನ್ ಎಂಬ ಬಿಪಿ ಮಾತ್ರೆ ಅದನ್ನು ಸ್ವಲ್ಪ ಇಳಿಸುತ್ತದೆ. ಬದಲಿಸುವುದು ಅಲ್ಲಿಯ ಡಾಕ್ಟರ್ ನೋಡಿ ಹೇಳಿದರೆ ಮಾತ್ರ. ಅಲ್ಲಿಯ ತನಕ ಇದ್ದದ್ದನ್ನೇ ದಿನವೂ ತೆಗೆದುಕೊಳ್ಳಿ.

ಪ್ರಶ್ನೆ: ನಾವು ಮೀನು, ಮಾಂಸ ಮುಟ್ಟದವರು. ನನ್ನ ಯಜಮಾನರಿಗೆ 66. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಈಗ ಯೂರಿಕ್ ಆಸಿಡ್ 7.6. ದಿನವೂ ತಿನ್ನುವ ಆಸ್ಪಿರಿನ್‌ನಿಂದ ಇದು ಏರುತ್ತದೆ ಎಂದು ಯಾರೋ ಹೇಳಿದರು. ಆಸ್ಪಿರಿನ್ ನಿಲ್ಲಿಸಬಹುದಾ? ನನಗೂ 6.3 ಬಂದಿದೆ, 58 ವರ್ಷ.
— ಗೃಹಿಣಿ, ಬದಿಯಡ್ಕ

ಉತ್ತರ: ಅಕ್ಕಾ, ಹೇಳಿದವರ ಮಾತಿನಲ್ಲಿ ಅರ್ಧ ಸರಿ. ಕಡಿಮೆ ಡೋಸಿನ ಆಸ್ಪಿರಿನ್ ಯೂರಿಕ್ ಆಸಿಡ್ ಅನ್ನು ತುಸು ಏರಿಸುತ್ತದೆ. ಆದರೆ ದಯವಿಟ್ಟು ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿರುವುದು ಆ ಚಿಕ್ಕ ಮಾತ್ರೆ. 7.6 ಇದ್ದುಕೊಂಡು ಯಜಮಾನರು ಆರಾಮಾಗಿ ಇರಬಹುದು. ಸ್ಟೆಂಟ್ ಕಟ್ಟಿಕೊಂಡರೆ ಮಂಗಳೂರು ಮುಟ್ಟುವಷ್ಟು ಹೊತ್ತೂ ಸಿಗದೇ ಹೋಗಬಹುದು.

ನಿಮ್ಮ 6.3ಕ್ಕೆ ಕಾರಣ ವಯಸ್ಸು. ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ಯೂರಿಕ್ ಆಸಿಡ್ ಅನ್ನು ಹೊರಗೆ ಹಾಕಲು ನೆರವಾಗುತ್ತದೆ. ನಿಂತ ಮೇಲೆ ಹೆಂಗಸರ ಲೆಕ್ಕವೂ ಗಂಡಸರ ಹತ್ತಿರ ಬರುತ್ತದೆ. ಇದಕ್ಕೆ ಮಾತ್ರೆ ಬೇಕಿಲ್ಲ. ಆದರೆ ಪತ್ರದಲ್ಲಿ ಯಜಮಾನರ ಎಲ್ಲ ಲೆಕ್ಕ ಬರೆದ ನೀವು ನಿಮ್ಮ ಬಿಪಿ, ಸಕ್ಕರೆ ಎಷ್ಟೆಂದು ಬರೆದೇ ಇಲ್ಲ. ಮುಂದಿನ ಸಲ ಅವರನ್ನು ಚೆಕಪ್ಪಿಗೆ ಕರೆದುಕೊಂಡು ಹೋದಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.