ಹದಿಹರೆಯದವರ ಫ್ಯಾಂಟಸಿ ಕಾದಂಬರಿಗಳಲ್ಲಿ ಸೈರನ್‌ಗಳು ಅಕ್ಕತಂಗಿಯರಾಗಿ, ಮೀನಿನ ಬಾಲದೊಂದಿಗೆ ಬರುವುದೇಕೆ?

ಸೈರನ್‌ಗಳೆಂದರೆ ಹಾಡಿನಿಂದ ನಾವಿಕರನ್ನು ಮರುಳುಮಾಡಿ ಸಾವಿಗೆಳೆಯುವ ಗ್ರೀಕ್ ಪುರಾಣದ ಜೀವಿಗಳು. ಅಕ್ಕತಂಗಿಯರೆಂಬ ನಂಟು ಆ ಪುರಾಣದಿಂದಲೇ ಬಂದದ್ದು, ಮೀನಿನ ಬಾಲ ಮಧ್ಯಯುಗದ ಯುರೋಪಿನಲ್ಲಿ ಸೇರಿಕೊಂಡದ್ದು.

ಪ್ರಾಚೀನ ಗ್ರೀಕರ ಚಿತ್ರಗಳಲ್ಲಿ ಸೈರನ್‌ಗಳಿಗೆ ಹೆಣ್ಣಿನ ಮುಖ, ಹಕ್ಕಿಯ ಮೈ. ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿ.ಪೂ. 5ನೆಯ ಶತಮಾನದ ಒಂದು ಚಿತ್ರಿತ ಪಾತ್ರೆಯಿದೆ. ಅದರಲ್ಲಿ ಗ್ರೀಕ್ ಕವಿ ಹೋಮರನ ಕಾವ್ಯನಾಯಕ ಒಡಿಸ್ಯೂಸ್, ಹಾಡು ಕೇಳಿಯೂ ಅದರತ್ತ ಹೋಗದಿರಲೆಂದು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡು ತಲೆಯೆತ್ತಿ ನಿಂತಿದ್ದಾನೆ. ಇಬ್ಬರು ಸೈರನ್‌ಗಳು ಆಚೀಚೆಯ ಬಂಡೆಗಳ ಮೇಲಿದ್ದಾರೆ. ಮೂರನೆಯವಳು ಕಣ್ಣು ಮುಚ್ಚಿ ತಲೆಕೆಳಗಾಗಿ ಹಡಗಿನತ್ತ ಬೀಳುತ್ತಿದ್ದಾಳೆ. ಹಾಡಿಗೆ ಮರುಳಾಗದೆ ಹಡಗು ದಾಟಿಹೋದರೆ ಸೈರನ್‌ಗಳಿಗೇ ಸಾವು ಎಂಬ ಕಥೆಯೂ ಇತ್ತು.

ಹೋಮರನ 'ಒಡಿಸ್ಸಿ'ಯ 12ನೆಯ ಭಾಗದಲ್ಲಿ ಇರುವವರು ಇಬ್ಬರೇ. ಅಖೆಲೋಸ್ ನದೀದೇವನ ಮಕ್ಕಳು ಎಂಬ ವಂಶಾವಳಿ ಬೆಳೆದದ್ದು ನಂತರದ ಕವಿಗಳಲ್ಲಿ. ಸೈರನ್‌ಗಳ ರೂಪವನ್ನು ಹೋಮರ್ ವರ್ಣಿಸುವುದೇ ಇಲ್ಲ. ಅವರು ಒಡ್ಡುವ ಆಮಿಷವೂ ಸೌಂದರ್ಯದ್ದಲ್ಲ: ಟ್ರಾಯ್ ಯುದ್ಧದಲ್ಲಿ ನಡೆದದ್ದೆಲ್ಲ ನಮಗೆ ಗೊತ್ತು, ಭೂಮಿಯ ಮೇಲೆ ನಡೆಯುವುದೆಲ್ಲ ಗೊತ್ತು, ಬಂದು ಕೇಳು ಎನ್ನುತ್ತಾರೆ. ಬಹಳಷ್ಟು ಕಾದಂಬರಿಗಳು ಇದನ್ನು ಬಿಟ್ಟು ಬರೀ ಮೋಹಿನಿಯರನ್ನು ಸೃಷ್ಟಿಸುವುದು ನನಗೆ ದೊಡ್ಡ ನಷ್ಟವೆನಿಸುತ್ತದೆ.

ಎಳೆಯ ಓದುಗರ ಸರಣಿಗೆ ಇನ್ನೂ ಒಳ್ಳೆಯ ಬೀಜ ರೋಮನ್ ಕವಿ ಓವಿಡ್‌ನಲ್ಲಿದೆ. ಅವನ ಪ್ರಕಾರ ಇವರು ಧಾನ್ಯದೇವತೆಯ ಮಗಳಾದ ಪರ್ಸೆಫೋನಿಯ ಗೆಳತಿಯರು. ಪಾತಾಳದ ದೊರೆ ಅವಳನ್ನು ಹೊತ್ತೊಯ್ದಾಗ ಇವರು ನೆಲವನ್ನೆಲ್ಲ ಹುಡುಕಿದರು. ಕಡಲಿನ ಮೇಲೂ ಹುಡುಕಬೇಕೆಂದು ರೆಕ್ಕೆ ಬೇಡಿ ಪಡೆದರು. ದೇವತೆಗಳು ಮೈಗೆ ಗರಿ ಮೂಡಿಸಿದರು, ಮುಖವನ್ನೂ ಕಂಠವನ್ನೂ ಮಾತ್ರ ಹಾಗೆಯೇ ಉಳಿಸಿದರು.