ಮೂರು ಸೇನೆಗೂ ಮುಖ್ಯಸ್ಥರಿದ್ದ ಮೇಲೆ ನಾರ್ತ್‌ವುಡ್‌ನಲ್ಲಿ ಇನ್ನೊಂದು ಕಚೇರಿ ಯಾಕೆ?

ಬ್ರಿಟನ್‌ನ ಭೂಸೇನೆ, ನೌಕಾಪಡೆ, ವಾಯುಪಡೆಗೆ ಬೇರೆ ಬೇರೆ ಮುಖ್ಯಸ್ಥರಿದ್ದಾರೆ, ಲಂಡನ್‌ನಲ್ಲಿ ರಕ್ಷಣಾ ಸಚಿವಾಲಯವೂ ಇದೆ, ಹಾಗಿದ್ದರೆ ಲಂಡನ್ ಹೊರವಲಯದ ನಾರ್ತ್‌ವುಡ್‌ನಲ್ಲಿರುವ, ಮೂರೂ ಸೇನೆಗಳ ಜಂಟಿ ಪ್ರಧಾನ ಕಚೇರಿಗೆ ಏನು ಕೆಲಸ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಆ ಕಚೇರಿ ಇಲ್ಲದಿದ್ದಾಗ ಏನಾಗುತ್ತಿತ್ತು ಅಂತ ನೋಡಿದರೆ ಉತ್ತರ ಬೇಗ ಸಿಗುತ್ತದೆ.

1982ರ ಫಾಕ್‌ಲ್ಯಾಂಡ್ಸ್ ಯುದ್ಧ ತಗೊಳ್ಳಿ. ದಕ್ಷಿಣ ಅಟ್ಲಾಂಟಿಕ್‌ನ ಆ ದ್ವೀಪಗಳಿಗಾಗಿ ಅರ್ಜೆಂಟೀನಾ ಜೊತೆ ನಡೆದ ಯುದ್ಧ. ಬ್ರಿಟನ್‌ನಿಂದ ಸುಮಾರು 13,000 ಕಿ.ಮೀ. ದೂರ. ಹೊಣೆ ಹೊತ್ತಿದ್ದವರು ಅಡ್ಮಿರಲ್ ಜಾನ್ ಫೀಲ್ಡ್‌ಹೌಸ್. ಅವರು ಕೂತಿದ್ದದ್ದೂ ನಾರ್ತ್‌ವುಡ್‌ನಲ್ಲೇ, ಆದರೆ ಆಗ ಅದು ನೌಕಾಪಡೆಯ ಕಚೇರಿ. ಅತ್ತ ಯುದ್ಧನೌಕೆಗಳಿಗೆ ವುಡ್‌ವರ್ಡ್, ಸೈನಿಕರನ್ನು ದಡಕ್ಕಿಳಿಸುವ ಹಡಗುಗಳಿಗೆ ಕ್ಲ್ಯಾಪ್, ನೆಲದ ಮೇಲಿನ ಬ್ರಿಗೇಡಿಗೆ ಥಾಂಪ್ಸನ್. ಮೂವರೂ ನೇರವಾಗಿ ನಾರ್ತ್‌ವುಡ್‌ಗೇ ಉತ್ತರ ಹೇಳಬೇಕು. ಸ್ಥಳದಲ್ಲಿ ಮೂವರಿಗೂ ಮೇಲಿನವರು ಯಾರೂ ಇರಲಿಲ್ಲ.

ಮೇ 25ರಂದು ಅಟ್ಲಾಂಟಿಕ್ ಕನ್ವೇಯರ್ ಅನ್ನೋ ಸರಕು ಹಡಗಿಗೆ ಕ್ಷಿಪಣಿ ಬಡಿದು ಮೂರು ಚಿನೂಕ್ ಹೆಲಿಕಾಪ್ಟರ್‌ಗಳು ನಾಶವಾದವು. ಸೈನಿಕರನ್ನು, ಮದ್ದುಗುಂಡನ್ನು ಮುಂದಕ್ಕೆ ಸಾಗಿಸಲು ಥಾಂಪ್ಸನ್ ನಂಬಿದ್ದೇ ಅವುಗಳನ್ನು. ಮರುದಿನವೇ ಉಪಗ್ರಹ ಫೋನ್‌ನಲ್ಲಿ ನಾರ್ತ್‌ವುಡ್‌ನಿಂದ ಆದೇಶ: ಸುಮ್ನೆ ಕೂರಬೇಡಿ, ಮುಂದೆ ಹೋಗಿ, ಶತ್ರುಗಳ ಕೈಯಲ್ಲಿದ್ದ ಗೂಸ್ ಗ್ರೀನ್ ಹಳ್ಳಿ ಮೇಲೆ ದಾಳಿ ಮಾಡಿ. ರಾಜಕೀಯದ ಒತ್ತಡ ಮಧ್ಯದಲ್ಲಿ ಎಲ್ಲೂ ತಡೆಯದೆ ನೇರವಾಗಿ ಬ್ರಿಗೇಡಿಯರ್ ಕಿವಿಗೇ ಬಿತ್ತು. ಗೂಸ್ ಗ್ರೀನ್ ಗೆದ್ದರು, ನಿಜ. ಆದರೆ ದಾಳಿ ನಡೆಸಿದ ಬೆಟಾಲಿಯನ್‌ನ ಕಮಾಂಡರೇ ಅಲ್ಲಿ ಪ್ರಾಣ ಬಿಟ್ಟರು.

1991ರ ಕೊಲ್ಲಿ ಯುದ್ಧ ಬಂದಾಗ ಹೊಣೆ ವಾಯುಪಡೆಯ ಪ್ಯಾಟ್ರಿಕ್ ಹೈನ್ ಅವರಿಗೆ, ಕಚೇರಿ ಹೈ ವಿಕಂಬ್‌ನಲ್ಲಿ. ಹೀಗೆ ಪ್ರತಿ ಸಲವೂ ಹೊಸ ವ್ಯವಸ್ಥೆ. ಇದು ಸಾಕು ಅನ್ನಿಸಿ 1996ರ ಏಪ್ರಿಲ್ 1ರಂದು ಕಾಯಂ ಜಂಟಿ ಪ್ರಧಾನ ಕಚೇರಿ ಶುರು ಮಾಡಿದರು.

ಅದರ ಕೆಲಸ ಇಷ್ಟು. ಏನು ಸಾಧಿಸಬೇಕು ಅಂತ ಸರ್ಕಾರ ತೀರ್ಮಾನಿಸುತ್ತದೆ. ಅದಕ್ಕೆ ಎಷ್ಟು ಪಡೆ ಬೇಕು, ಹೇಗೆ ತಲುಪಿಸುವುದು, ಇಂಧನ ಎಲ್ಲಿಂದ, ಗಾಯಾಳುಗಳು ಎಲ್ಲಿಗೆ, ಯಾವಾಗ ಗುಂಡು ಹಾರಿಸಬಹುದು, ಇದೆಲ್ಲ ನಾರ್ತ್‌ವುಡ್ ತಲೆಬಿಸಿ. ಮೂರು ಸೇನೆಗಳು ಜನರನ್ನು ತರಬೇತು ಮಾಡಿ ಒಪ್ಪಿಸುತ್ತವೆ. ಆಮೇಲೆ ಆಜ್ಞೆ ಜಂಟಿ ಕಾರ್ಯಾಚರಣೆ ಮುಖ್ಯಸ್ಥರದ್ದು, ಸ್ಥಳದಲ್ಲಿ ಅವರ ಕೈಕೆಳಗೆ ಒಬ್ಬ ಕಮಾಂಡರ್. ಸಚಿವರ ಪ್ರಶ್ನೆಗಳನ್ನೂ ಮೊದಲು ಎದುರಿಸುವುದು ಈ ಕಚೇರಿ. ನನ್ನ ಪ್ರಕಾರ ಅದರ ದೊಡ್ಡ ಉಪಯೋಗವೇ ಇದು. ಹೋರಾಡುವವನು ಹೋರಾಟದ ಕಡೆ ಗಮನ ಕೊಡಬಹುದು ಅಲ್ವಾ?

2000ದ ಮೇ ತಿಂಗಳಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಬಂಡುಕೋರರು ರಾಜಧಾನಿ ಫ್ರೀಟೌನ್ ಹತ್ತಿರ ಬಂದಾಗ ವ್ಯತ್ಯಾಸ ಕಂಡಿತು. ಹೊರಡಲು ಸದಾ ತಯಾರಿದ್ದ ನಾರ್ತ್‌ವುಡ್‌ನ ಜಂಟಿ ತಂಡವೊಂದು ಬ್ರಿಗೇಡಿಯರ್ ಡೇವಿಡ್ ರಿಚರ್ಡ್ಸ್ ಜೊತೆ ಕೂಡಲೇ ಹೊರಟಿತು. ಹಿಂದೆಯೇ ಪ್ಯಾರಾ ಸೈನಿಕರು ಲುಂಗಿ ವಿಮಾನ ನಿಲ್ದಾಣಕ್ಕೆ ಇಳಿದರು. ತಂಡ ಕಟ್ಟುವುದಕ್ಕೆ ದಿನ ವ್ಯರ್ಥವಾಗಲಿಲ್ಲ.

ನಮ್ಮಲ್ಲೂ ಇದೇ ಚರ್ಚೆ ನಡೆಯುತ್ತಿದೆ. 2001ರಿಂದ ಪೋರ್ಟ್ ಬ್ಲೇರ್‌ನಲ್ಲಿ (ಈಗ ಶ್ರೀ ವಿಜಯಪುರಂ) ಅಂಡಮಾನ್ ಮತ್ತು ನಿಕೋಬಾರ್ ಜಂಟಿ ಕಮಾಂಡ್ ಇದೆ. ಆದರೆ ಜಂಟಿ ಕಮಾಂಡರ್ ತನ್ನ ಕೈಕೆಳಗಿನ ಬೇರೆ ಸೇನೆಯವರ ಮೇಲೆ ಶಿಸ್ತುಕ್ರಮವನ್ನು ತಾನೇ ಕೈಗೊಳ್ಳುವ ಅಧಿಕಾರ ಸಿಕ್ಕಿದ್ದು 2023ರ ಕಾಯ್ದೆಯಿಂದ.