ಟಿಎಸ್‌ಎಚ್ ಸರಿಯಾಗಿದೆ, ಕ್ಯಾಲ್ಸಿಯಂ ಏಕೆ ಜಾಸ್ತಿ?

ಪ್ರಶ್ನೆ: ನನಗೆ 47 ವರ್ಷ. ಒಂಬತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ 75 ಮೈಕ್ರೋಗ್ರಾಂ. ಟಿಎಸ್‌ಎಚ್ 2.4 ಇದೆ. ಆದರೂ ವಿಪರೀತ ಸುಸ್ತು, ಮೈಕೈ ಮೂಳೆ ನೋವು, ಮಲಬದ್ಧತೆ. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು. ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ 10.9 ಬಂತು. ಪಿಟಿಎಚ್ 58, ಅದನ್ನು ಲ್ಯಾಬಿನವರು ನಾರ್ಮಲ್ ಎಂದಿದ್ದಾರೆ. ಕುತ್ತಿಗೆ ಸ್ಕ್ಯಾನಿಂಗಿನಲ್ಲಿ ಥೈರಾಯ್ಡಿನ ಹಿಂಭಾಗದಲ್ಲಿ 1.3 ಸೆಂ.ಮೀ. ಗಂಟು ಕಂಡಿದೆ. ಇದೆಲ್ಲ ಥೈರಾಯ್ಡಿನಿಂದಲೇ ಆಗುತ್ತಿದೆಯೇ? – ಓದುಗರು, ಹಾಸನ

ಉತ್ತರ: ನಿಮ್ಮ ಥೈರಾಯ್ಡ್ ಹತೋಟಿಯಲ್ಲೇ ಇದೆ, ಮಾತ್ರೆಯ ಡೋಸೂ ಸರಿಯಾಗಿದೆ. ಥೈರಾಯ್ಡ್ ಹಾರ್ಮೋನು ಮೈಯಲ್ಲಿ ಅತಿಯಾದರೂ ಮೂಳೆ ಸವೆದು ಕ್ಯಾಲ್ಸಿಯಂ ಸ್ವಲ್ಪ ಏರಬಹುದು. ಆದರೆ ಹಾಗಾಗಿದ್ದರೆ, ಥೈರಾಯ್ಡನ್ನು ದುಡಿಸುವ ಹಾರ್ಮೋನಾದ ಟಿಎಸ್‌ಎಚ್ ತಳ ಕಂಡಿರುತ್ತಿತ್ತು. ಹಾಗಾಗಿ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಒಂದೊಂದೂ ತೊಗರಿಬೇಳೆಯಷ್ಟು. ಥೈರಾಯ್ಡಿಗೂ ಇವಕ್ಕೂ ಇರುವುದು ನೆರೆಹೊರೆಯ ಸಂಬಂಧ ಮಾತ್ರ, ಕೆಲಸ ಬೇರೆ. ರಕ್ತದ ಕ್ಯಾಲ್ಸಿಯಂ ಏರಿಳಿಯದಂತೆ ಕಾಯುವುದು ಇವುಗಳ ಕೆಲಸ, ಅದಕ್ಕೆ ಬಳಸುವ ಹಾರ್ಮೋನೇ ಪಿಟಿಎಚ್. ಥೈರಾಯ್ಡ್ ಪ್ರೊಫೈಲ್ ಎಂದು ಮಾಡಿಸುವ ಟಿ3, ಟಿ4, ಟಿಎಸ್‌ಎಚ್ ಪರೀಕ್ಷೆಗಳಲ್ಲಿ ಇವುಗಳ ಸುದ್ದಿಯೇ ಇರುವುದಿಲ್ಲ. ವರ್ಷಗಟ್ಟಲೆ ಥೈರಾಯ್ಡಿಗೆ ಔಷಧ ತೆಗೆದುಕೊಳ್ಳುವವರಲ್ಲಿ ಸುಸ್ತು, ನೋವು ಎಲ್ಲವನ್ನೂ ಅದರ ತಲೆಗೇ ಕಟ್ಟಿ ಈ ತೊಂದರೆ ಕಣ್ತಪ್ಪಿ ಹೋಗುವುದು ಹೀಗೆ.

ಈಗ ನಿಮ್ಮ 58ಕ್ಕೆ ಬರೋಣ. ಇಡೀ ವರದಿಯಲ್ಲಿ ಮುಖ್ಯವಾದ ಅಂಕಿ ಇದೇ. ಹೆಚ್ಚಿನ ಲ್ಯಾಬ್‌ಗಳು ಪಿಟಿಎಚ್‌ಗೆ 15ರಿಂದ 65 ಎಂದು ಮಿತಿ ಹಾಕುತ್ತವೆ. ಆ ಮಿತಿ ಕ್ಯಾಲ್ಸಿಯಂ ಸರಿ ಇರುವವರಿಗೆ ಅನ್ವಯಿಸುವಂಥದ್ದು. ಕ್ಯಾಲ್ಸಿಯಂ 10.9 ಇದ್ದಾಗ ಆರೋಗ್ಯವಂತ ಗ್ರಂಥಿ ಬಾಯಿ ಮುಚ್ಚಿಕೊಂಡಿರಬೇಕು, ಪಿಟಿಎಚ್ 20ರ ಆಸುಪಾಸಿಗೋ ಅದಕ್ಕಿಂತ ಕೆಳಗೋ ಇಳಿದಿರಬೇಕು. ನಿಮ್ಮಲ್ಲಿ ಇಳಿದಿಲ್ಲ. ಎಂದರೆ ಯಾವುದೋ ಒಂದು ಗ್ರಂಥಿ ಮಾತು ಕೇಳುತ್ತಿಲ್ಲ. ವಿಟಮಿನ್ ಡಿ ಸ್ಯಾಶೆಗಳನ್ನು ತಿಂಗಳುಗಟ್ಟಲೆ ಅತಿಯಾಗಿ ನುಂಗಿಯೋ ಕ್ಯಾನ್ಸರಿನಿಂದಲೋ ಕ್ಯಾಲ್ಸಿಯಂ ಏರಿದ್ದರೆ ಪಿಟಿಎಚ್ ಕುಸಿದಿರುತ್ತಿತ್ತು. ಆದ್ದರಿಂದ ಪ್ಯಾರಾಥೈರಾಯ್ಡ್ ತಾನೇ ಕೆಟ್ಟು ಪಿಟಿಎಚ್ ಅತಿಯಾಗಿ ಸುರಿಸುವ ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ ಎಂಬ ಶಂಕೆ ಬಲವಾಗಿದೆ. ಇಂಥವರಲ್ಲಿ ನೂರಕ್ಕೆ ಸುಮಾರು 80–85 ಮಂದಿಗೆ ಒಂದೇ ಗ್ರಂಥಿಯಲ್ಲಿ, ಕ್ಯಾನ್ಸರ್ ಅಲ್ಲದ ಗಡ್ಡೆ ಇರುತ್ತದೆ.

ಒಂದು ವರದಿ ನೋಡಿ ತೀರ್ಮಾನ ಬೇಡ. ಎರಡು ಮೂರು ವಾರ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದೇ ಸಲ ತೆಗೆದ ರಕ್ತದಲ್ಲಿ ಕ್ಯಾಲ್ಸಿಯಂ, ಅಲ್ಬುಮಿನ್, ರಂಜಕ, ಮೆಗ್ನೀಸಿಯಂ, ಕ್ರಿಯಾಟಿನಿನ್, 25-ಹೈಡ್ರಾಕ್ಸಿ ವಿಟಮಿನ್ ಡಿ ಮತ್ತು ಪಿಟಿಎಚ್ ಎಲ್ಲವನ್ನೂ ಮಾಡಿಸಿ. ಕ್ಯಾಲ್ಸಿಯಂ ಇವತ್ತು, ಪಿಟಿಎಚ್ ಮುಂದಿನ ವಾರ ಎಂದರೆ ಎರಡನ್ನೂ ತಾಳೆ ನೋಡಲಾಗದು. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಮುಷ್ಟಿ ಬಿಗಿಹಿಡಿದು ತೆರೆದು ಮಾಡಿದರೆ ಕ್ಯಾಲ್ಸಿಯಂ ಸುಳ್ಳಾಗಿ ಏರುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಪಿಟಿಎಚ್ ಕೆಡದೆ ಉಳಿಯುತ್ತದೆ, ಆದರೆ ಕ್ಯಾಲ್ಸಿಯಂ ಪರೀಕ್ಷೆಗೆ ಆ ಟ್ಯೂಬ್ ಕೂಡದು. ಇಡಿಟಿಎ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಂಡುಬಿಡುತ್ತದೆ. ಏನೂ ತೊಂದರೆಯಿಲ್ಲದ ವ್ಯಕ್ತಿಯ ವರದಿಯಲ್ಲಿ ಕ್ಯಾಲ್ಸಿಯಂ ಪಾತಾಳಕ್ಕಿಳಿದು, ಪೊಟ್ಯಾಸಿಯಂ ಆಕಾಶಕ್ಕೇರಿದ್ದರೆ ಆ ಟ್ಯೂಬಿನ ರಕ್ತ ಇನ್ನೊಂದಕ್ಕೆ ಸೇರಿದೆ ಎಂದು ಅನುಮಾನಿಸಬೇಕು.

ಅಲ್ಬುಮಿನ್ ಏಕೆಂದರೆ, ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಪ್ರೊಟೀನಿಗೆ, ಮುಖ್ಯವಾಗಿ ಅಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು. ಕ್ಯಾಲ್ಸಿಯಂ 10.2, ಅಲ್ಬುಮಿನ್ 3 ಎಂದಾದರೆ ನಿಜವಾದ ಲೆಕ್ಕ 11. ಅನುಮಾನ ಉಳಿದರೆ ಅಯಾನೈಸ್ಡ್ ಕ್ಯಾಲ್ಸಿಯಂ, ಎಂದರೆ ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ ಪರೀಕ್ಷೆ, ಮಾಡಿಸಿ.

ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಥೈರಾಯ್ಡ್ ಇರುವವರಲ್ಲಿ ಇದು ತೀರಾ ಸಾಮಾನ್ಯ. 5–10 ಮಿ.ಗ್ರಾಂ ಬಯೋಟಿನ್ ಇದ್ದರೆ ಕೆಲವು ಯಂತ್ರಗಳಲ್ಲಿ ಪಿಟಿಎಚ್ ಮತ್ತು ಟಿಎಸ್‌ಎಚ್ ಎರಡೂ ಇರುವುದಕ್ಕಿಂತ ಕಡಿಮೆ ತೋರುತ್ತವೆ. ಪರೀಕ್ಷೆಗೆ ಮೂರು ದಿನ ಮುಂಚೆ ನಿಲ್ಲಿಸಿ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಇದ್ದರೆ, ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ಅವೂ ಕ್ಯಾಲ್ಸಿಯಂ ಏರಿಸುತ್ತವೆ. ಇವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ರಕ್ತದಲ್ಲಿ ಮತ್ತೆ ಹಾಗೆಯೇ ಬಂದರೆ 24 ಗಂಟೆಯ ಮೂತ್ರ ಪರೀಕ್ಷೆ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರವನ್ನು ಬಿಟ್ಟು ಗಡಿಯಾರ ನೋಡಿಕೊಳ್ಳಿ. ಅಲ್ಲಿಂದ ಪ್ರತಿ ಸಲದ್ದನ್ನೂ ಕ್ಯಾನಿಗೆ ಸೇರಿಸಿ, ಮರುದಿನ ಅದೇ ಹೊತ್ತಿನದನ್ನೂ ಸೇರಿಸಿ ಮುಗಿಸಿ. ಒಂದು ಸಲ ಮರೆತರೂ ಲೆಕ್ಕ ಕೆಡುತ್ತದೆ. ಇದೇಕೆ ಬೇಕೆಂದರೆ, ವಂಶದಲ್ಲಿ ಹರಿದು ಬರುವ ಒಂದು ಸ್ಥಿತಿಯಲ್ಲೂ ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿರುತ್ತದೆ, ಪಿಟಿಎಚ್ ಇಳಿದಿರುವುದಿಲ್ಲ. ಆದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಅಷ್ಟಾಗಿ ಹೋಗುವುದಿಲ್ಲ. ಮೂತ್ರಕ್ಕೆ ಕ್ಯಾಲ್ಸಿಯಂ ಎಷ್ಟು ಹೋಗುತ್ತಿದೆ ಎಂದು ತೋರಿಸುವ ಕ್ಯಾಲ್ಸಿಯಂ-ಕ್ರಿಯಾಟಿನಿನ್ ಕ್ಲಿಯರೆನ್ಸ್ ಅನುಪಾತ 0.01ಕ್ಕಿಂತ ಕಡಿಮೆಯಿದ್ದರೆ ಅದನ್ನು ಶಂಕಿಸಬೇಕು, ಅವರಿಗೆ ಆಪರೇಷನ್ ಮಾಡಿದರೆ ಪ್ರಯೋಜನವಿಲ್ಲ. ನಿಮಗೆ ಕಲ್ಲಾಗಿರುವುದರಿಂದ ಆ ಸಾಧ್ಯತೆ ಕಡಿಮೆ, ಆದರೂ ಅಕ್ಕ ತಂಗಿ ಅಣ್ಣ ತಮ್ಮಂದಿರ ಕ್ಯಾಲ್ಸಿಯಂ ಎಷ್ಟಿದೆ ಎಂದು ವಿಚಾರಿಸಿ.

ಸ್ಕ್ಯಾನ್ ಕೊನೆಗೆ. ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವುದು ರಕ್ತ. ಗಡ್ಡೆ ಯಾವ ಕಡೆ ಇದೆ ಎಂದು ಸರ್ಜನ್‌ಗೆ ದಾರಿ ತೋರಿಸುವುದಷ್ಟೇ ಸೆಸ್ಟಮಿಬಿ ಸ್ಕ್ಯಾನಿನ (ಸೆಸ್ಟಮಿಬಿ ಎಂಬ ವಿಕಿರಣಶೀಲ ಔಷಧ ಚುಚ್ಚಿ ತೆಗೆಯುವ ಚಿತ್ರ) ಕೆಲಸ. ಥೈರಾಯ್ಡಿನ ಗಂಟೂ ಸೆಸ್ಟಮಿಬಿಯನ್ನು ಹಿಡಿದಿಟ್ಟುಕೊಂಡು ದಾರಿ ತಪ್ಪಿಸಬಲ್ಲದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಕಾಯಿಲೆ ಇಲ್ಲವೆಂದಲ್ಲ.

ನಿಮ್ಮ 1.3 ಸೆಂ.ಮೀ. ಗಂಟು ಥೈರಾಯ್ಡಿನದೂ ಆಗಿರಬಹುದು, ಪ್ಯಾರಾಥೈರಾಯ್ಡೇ ಆಗಿರಬಹುದು. ಸೂಜಿ ಪರೀಕ್ಷೆಗೆ ಹೇಳಿದರೆ ಕ್ಯಾಲ್ಸಿಯಂ ವಿಷಯವನ್ನು ಮೊದಲೇ ತಿಳಿಸಿ. ಎರಡರ ಜೀವಕೋಶಗಳೂ ಸೂಕ್ಷ್ಮದರ್ಶಕದಲ್ಲಿ ಒಂದೇ ತರಹ ಕಂಡು ಮೋಸ ಹೋಗುವುದುಂಟು. ಪ್ಯಾರಾಥೈರಾಯ್ಡ್ ಎಂದು ಖಚಿತವಿದ್ದರೆ ಸಾಮಾನ್ಯವಾಗಿ ಸೂಜಿ ಹಾಕುವುದೇ ಇಲ್ಲ. ಥೈರಾಯ್ಡಿನದಾದರೆ ಅದರ ತೀರ್ಮಾನ ಆಪರೇಷನ್ನಿಗೆ ಮುಂಚೆಯೇ ಆಗಬೇಕು. ಎರಡನ್ನೂ ಒಂದೇ ಸಲಕ್ಕೆ ತೆಗೆಯಬಹುದಾದಾಗ ಕುತ್ತಿಗೆಯನ್ನು ಎರಡು ಸಲ ಕೊಯ್ಯಿಸಿಕೊಳ್ಳುವುದು ಬೇಡ.

ಕಾಯಿಲೆ ಖಚಿತವಾದರೆ ನಿಮಗೆ ಆಪರೇಷನ್ನೇ ಸರಿ ಎಂದು ನಮ್ಮ ಅಭಿಪ್ರಾಯ. 50ರೊಳಗಿನ ವಯಸ್ಸು, ಕಿಡ್ನಿ ಕಲ್ಲು, ಇವೆರಡರಲ್ಲಿ ಒಂದಿದ್ದರೂ ಸಾಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸುವಾಗ ಸೊಂಟ, ಬೆನ್ನುಮೂಳೆಯ ಜೊತೆ ಮುಂಗೈ ಮೂಳೆಯನ್ನೂ ಸೇರಿಸಲು ಹೇಳಿ, ಈ ಕಾಯಿಲೆ ಮೊದಲು ಸವೆಸುವುದು ಹೆಚ್ಚಾಗಿ ಅದನ್ನೇ. ಅಲ್ಲಿಯವರೆಗೆ ನೀರು ಚೆನ್ನಾಗಿ ಕುಡಿಯಿರಿ. ಹಾಲು, ರಾಗಿ ಬಿಡಬೇಡಿ. ಊಟದ ಕ್ಯಾಲ್ಸಿಯಂ ತೀರಾ ಕಡಿಮೆ ಮಾಡಿದರೆ ಪಿಟಿಎಚ್ ಇನ್ನೂ ಏರಿ ಮೂಳೆಯಿಂದ ಕೀಳುತ್ತದೆ.

ಪ್ರಶ್ನೆ: ಮೂರು ವಾರದ ಹಿಂದೆ ಅಮ್ಮನಿಗೆ ಥೈರಾಯ್ಡ್ ಪೂರ್ತಿ ತೆಗೆದರು. ತುಟಿ ಸುತ್ತ, ಬೆರಳ ತುದಿ ಜುಮ್ಮೆನ್ನುತ್ತದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ಕೊಡುತ್ತಿದ್ದೇವೆ. – ಓದುಗರು, ದಾವಣಗೆರೆ

ಉತ್ತರ: ಆಪರೇಷನ್‌ನಲ್ಲಿ ಪಕ್ಕದ ಪ್ಯಾರಾಥೈರಾಯ್ಡ್‌ಗಳಿಗೆ ರಕ್ತ ಪೂರೈಕೆ ಕಡಿಮೆಯಾಗಿ ಕ್ಯಾಲ್ಸಿಯಂ ಇಳಿದಿರಬಹುದು. ಇವತ್ತೇ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪಿಟಿಎಚ್ ಮಾಡಿಸಿ, ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಕೈ ಸೆಟೆದುಕೊಂಡರೆ, ಗಂಟಲು ಬಿಗಿದರೆ, ಫಿಟ್ಸ್ ಬಂದರೆ ರಿಪೋರ್ಟಿಗೆ ಕಾಯದೆ ಎಮರ್ಜೆನ್ಸಿಗೆ ಕರೆದೊಯ್ಯಿರಿ, ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಬೇಕಾಗುತ್ತದೆ.

ಮಾತ್ರೆಗಳ ಹೊತ್ತು ಈಗಲೇ ಬದಲಿಸಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆಗೆ. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ನಡೆಯುತ್ತಿದ್ದರೆ ಕಾರ್ಬೊನೇಟ್ ಸರಿಯಾಗಿ ಹಿಡಿಸುವುದಿಲ್ಲ, ಸಿಟ್ರೇಟ್ ಕೇಳಿ. ಬಹಳ ಕಾಲದಿಂದ ಗ್ಯಾಸ್ ಮಾತ್ರೆ ತೆಗೆದುಕೊಂಡವರಲ್ಲಿ ಮೆಗ್ನೀಸಿಯಂ ಇಳಿದಿರಬಹುದು. ಅದನ್ನು ಸರಿಪಡಿಸದೆ ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಮೇಲೇಳುವುದು ಕಷ್ಟ. ಹೆಚ್ಚಿನವರಲ್ಲಿ ಗ್ರಂಥಿಗಳು ಕೆಲವು ವಾರ ಅಥವಾ ತಿಂಗಳಲ್ಲಿ ಚೇತರಿಸಿಕೊಳ್ಳುತ್ತವೆ.

ಪ್ರಶ್ನೆ: ಪಿಟಿಎಚ್ 96, ಕ್ಯಾಲ್ಸಿಯಂ 9.0, ವಿಟಮಿನ್ ಡಿ 11. ಪ್ಯಾರಾಥೈರಾಯ್ಡ್ ಗಡ್ಡೆ ಇರಬಹುದೇ? – ಓದುಗರು, ಬೆಂಗಳೂರು

ಉತ್ತರ: ಸದ್ಯಕ್ಕೆ ಹಾಗನ್ನಿಸುವುದಿಲ್ಲ. ವಿಟಮಿನ್ ಡಿ ಕೊರತೆಯಿಂದ ಊಟದ ಕ್ಯಾಲ್ಸಿಯಂ ಮೈಗೆ ಹತ್ತುತ್ತಿಲ್ಲ, ಅದನ್ನು ಸರಿದೂಗಿಸಲು ಗ್ರಂಥಿಗಳು ದುಡಿಯುತ್ತಿವೆ. ಕ್ರಿಯಾಟಿನಿನ್ ನೋಡಿಸಿ, ಏಕೆಂದರೆ ಕಿಡ್ನಿ ತೊಂದರೆಯಲ್ಲೂ ಚಿತ್ರ ಹೀಗೇ ಇರುತ್ತದೆ. ವೈದ್ಯರ ಸಲಹೆಯಂತೆ ವಿಟಮಿನ್ ಡಿ, ಸಾಮಾನ್ಯವಾಗಿ ವಾರಕ್ಕೊಂದು 60,000 ಯೂನಿಟ್‌ನಂತೆ ಎಂಟು ವಾರ, ತೆಗೆದುಕೊಂಡು ಮೂರು ತಿಂಗಳಿಗೆ ಮೂರನ್ನೂ ಮತ್ತೆ ಒಟ್ಟಿಗೆ ಮಾಡಿಸಿ. ಡಿ 30 ದಾಟಿ ಪಿಟಿಎಚ್ ಇಳಿದರೆ ಅಲ್ಲಿಗೆ ಮುಗಿಯಿತು. ಡಿ ತುಂಬಿದ ಮೇಲೆ ಕ್ಯಾಲ್ಸಿಯಂ 10.5 ದಾಟಿದರೆ, ಕೊರತೆಯ ಮರೆಯಲ್ಲಿ ಅಡಗಿದ್ದ ಪ್ರೈಮರಿ ಕಾಯಿಲೆ ಹೊರಬಂದಿದೆ ಎಂದರ್ಥ, ಆಗ ಎಂಡೊಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹತ್ತಿರ ಹೋಗಿ. ಸೆಸ್ಟಮಿಬಿ ಸ್ಕ್ಯಾನ್ ಅದಕ್ಕಿಂತ ಮುಂಚೆ ಮಾಡಿಸಬೇಡಿ.